ಶೇಖಮ್ಮ ತನ್ನ ಹೆಸರು ಬರೆಸಿದ್ದು

ಸುರಪುರಕ್ಕೆ ಅಂಟಿಕೊಂಡ ರಂಗಂಪೇಟೆಯ ಓಣಿಗಳಲ್ಲಿ ಬಳೆ ಮಾರುವ ಶೇಖಮ್ಮ ಬಂದದ್ದು ಕೂಗಿನಿಂದಲೇ ಎಲ್ಲರಿಗೂ ಗೊತ್ತಾಗುತ್ತಿತ್ತು.

"ನನ್ನ ಮಾರಿ ನೋಡಬ್ಯಾಡ್ರೆವ್ವ, ನನ್ನ ಬಳಿ ನೋಡ್ರಿ!"

ಹೆಣ್ಣುಮಕ್ಕಳು ನಗುತ್ತ ಹೊರಗೆ ಬರುತ್ತಿದ್ದರು. ವ್ಯಾಪಾರದವಳ ಚೇಷ್ಟೆ ಎಂದುಕೊಂಡಿದ್ದರು ಪಾಪ. ಮುಖ ನೋಡಬೇಡಿ, ಬಳೆ ನೋಡಿ ಎಂದು ಶೇಖಮ್ಮ ಚೇಷ್ಟೆಗೆ ಹೇಳುತ್ತಿರಲಿಲ್ಲ. ಅವರು ಅನ್ನುವ ಮೊದಲು ತಾನೇ ಅಂದುಬಿಟ್ಟರೆ ನೋವು ಕಡಿಮೆ ಎಂದು ಅವಳ ಲೆಕ್ಕ.

ಒಂಬತ್ತನೇ ವಯಸ್ಸಿಗೆ ಅವಳಿಗೆ ಸಿಡುಬು ಆಗಿತ್ತು. ಜೀವ ಉಳಿಯಿತು, ಹಣೆಯಿಂದ ಗದ್ದದವರೆಗೆ ಕಲೆ ಉಳಿದವು. ಹದಿನಾಲ್ಕಕ್ಕೆ ಶಹಾಪುರದಿಂದ ಗಂಡಿನ ಕಡೆಯವರು ನೋಡಲು ಬಂದರು. ಶೇಖಮ್ಮ ತಲೆ ತಗ್ಗಿಸಿ ಉಪ್ಪಿಟ್ಟಿನ ತಾಟು ಇಟ್ಟು ಒಳಗೆ ಹೋದಳು. ಗೋಡೆಯ ಆಚೆ ಹುಡುಗನ ಸೋದರತ್ತೆ ಅಂದ ಮಾತು ಕಿವಿಗೆ ಬಿತ್ತು: "ಈ ಮಾರಿ ನೋಡಿಕೋತ ಯಾರಿಗಿ ತುತ್ತು ಇಳೀತೈತಿ?" ಅದೇ ಹುಡುಗನಿಗೆ ಮರುವರ್ಷ ತಂಗಿ ಮಾನಮ್ಮನನ್ನು ಕೊಟ್ಟರು. ತಂಗಿಯ ಕೈಗೆ ಮದುವೆಯ ಹಸಿರು ಬಳೆ ಇಟ್ಟವಳು ಶೇಖಮ್ಮನೇ. ಒಂದು ಬಳೆಯೂ ಒಡೆಯಲಿಲ್ಲ, ಒಂದು ಹನಿ ಕಣ್ಣೀರೂ ಬೀಳಲಿಲ್ಲ. ಆದರೆ ಆವತ್ತಿನಿಂದ ಅವಳು ಯಾರ ಎದುರೂ ಊಟಕ್ಕೆ ಕೂತವಳಲ್ಲ. ಗೋಡೆಗೆ ಮುಖ ಮಾಡಿ ಗಬಗಬ ನುಂಗಿ ಏಳುತ್ತಿದ್ದಳು. ಆ ಹೆಂಗಸು ಅಂದ ಮಾತನ್ನು ಅಪ್ಪನಿಗೂ ಹೇಳಲಿಲ್ಲ.

ಅಪ್ಪ ತಿಮ್ಮಣ್ಣ ತೀರಿಕೊಂಡ ಮೇಲೆ ಅವನ ಮಲಾರ, ಬಳೆ ಪೋಣಿಸಿದ ಹೊರೆ, ಅವಳ ಹೆಗಲಿಗೆ ಬಂತು. ಆ ಕೆಲಸದಲ್ಲಿ ಅವಳನ್ನು ಮೀರಿಸುವವರು ಸುತ್ತ ಹತ್ತು ಹಳ್ಳಿಯಲ್ಲಿ ಇರಲಿಲ್ಲ. ಕುಡಗೋಲು ಹಿಡಿದು ಗಟ್ಟಿಯಾದ ಕೈ ಇರಲಿ, ಬಾಣಂತಿಯ ಬಾತ ಕೈ ಇರಲಿ, ಹೆಬ್ಬೆರಳಿನ ಬುಡ ಹಿಂಡಿ, ನಾಲ್ಕು ಮಾತಾಡಿ, ಆ ಮಾತಿನ ನಡುವೆಯೇ ಬಳೆ ಏರಿಸಿಬಿಡುತ್ತಿದ್ದಳು. "ಇಟ್ಟಿದ್ದ ಗೊತ್ತಾಗಲಿಲ್ಲಲ್ಲ ಶೇಖಮ್ಮ!" ಎಂದು ಯಾರಾದರೂ ಹೊಗಳಿದರೆ, "ಮಾರಿ ಚಂದ ಇಲ್ಲದಾಕಿಗಿ ಕೈಯರ ಚಂದ ಇರಬಾರದೇನವ್ವ" ಎಂದು ಹೊಗಳಿಕೆಯನ್ನು ಅಲ್ಲೇ ಮಣ್ಣುಪಾಲು ಮಾಡುತ್ತಿದ್ದಳು.

ಬಳೆಗಳು ಹೈದರಾಬಾದಿನಿಂದ ರೈಲಿನಲ್ಲಿ ಯಾದಗಿರಿಗೆ ಬಂದು, ಅಲ್ಲಿಂದ ಬಂಡಿಯಲ್ಲಿ ರಂಗಂಪೇಟೆಯ ಚಮನಬೀ ಅಂಗಡಿಗೆ ಇಳಿಯುತ್ತಿದ್ದವು. ಚಮನಬೀ ಅರವತ್ತು ದಾಟಿದ ಮುದುಕಿ, ಹಿಂದೆ ಮುಂದೆ ಯಾರೂ ಇಲ್ಲ. ನಲವತ್ತೆಂಟನೇ ಇಸವಿಯಲ್ಲಿ ನಿಜಾಮನ ಸರಕಾರ ಬಿದ್ದು ಊರಿನ ತುಂಬ ಗದ್ದಲ, ಮುಸಲ್ಮಾನರ ಮನೆಗಳಲ್ಲಿ ಹೆದರಿಕೆ. ಆಗ ಎರಡು ತಿಂಗಳು ಆ ಮುದುಕಿ ಅಂಗಡಿಯ ಬಾಗಿಲು ತೆಗೆಯಲಿಲ್ಲ. ಶೇಖಮ್ಮ ದಿನಾ ಹಿತ್ತಿಲ ಬಾಗಿಲಿನಿಂದ ಎರಡು ಜೋಳದ ರೊಟ್ಟಿ, ಒಂದಿಷ್ಟು ಪುಂಡಿಪಲ್ಲೆ ಒಯ್ದು ಕೊಡುತ್ತಿದ್ದಳು. ಅಂಗಡಿಯ ಬಳೆಗಳನ್ನೆಲ್ಲ ತಾನೇ ಹೊತ್ತು ಮಾರಿ ಬಂದಳು. ಅದು ದೊಡ್ಡ ಕೆಲಸವೆಂದು ಅವಳಿಗೆ ಅನ್ನಿಸಿರಲೇ ಇಲ್ಲ.

ಐವತ್ತನೇ ಇಸವಿ ಬಂತು. ಇನ್ನು ಮುಂದೆ ಇಪ್ಪತ್ತೊಂದು ತುಂಬಿದ ಎಲ್ಲರಿಗೂ ಓಟು, ಹೆಣ್ಣುಮಕ್ಕಳಿಗೂ ಓಟು ಎಂದು ಡಂಗುರ ಸಾರಿದರು. ಮನೆಮನೆಗೆ ಹೋಗಿ ಹೆಸರು ಬರೆಯುವ ಕೆಲಸ ಸಾಲಿ ಮಾಸ್ತರ ಮರಿಲಿಂಗಪ್ಪನ ಪಾಲಿಗೆ ಬಂತು. ಶಹಾಪುರದ ಕಡೆಯ ಇಪ್ಪತ್ತನಾಲ್ಕರ ಹುಡುಗ. ಹೆಣ್ಣುಮಕ್ಕಳು ಎದುರಿಗೆ ಬಂದರೆ ಅವನೇ ಹೆಚ್ಚು ನಾಚುತ್ತಿದ್ದ.

ಗಂಡಸರ ಹೆಸರು ಸುಲಭವಾಗಿ ಸಿಕ್ಕವು. ಹೆಣ್ಣುಮಕ್ಕಳದು ಕೇಳಿದರೆ, "ನನ್ನ ಹೇಣ್ತಿ ಅಂತ ಬರಕೋರಿ ಮಾಸ್ತರ್ರ, ಸಾಕು" ಎಂದು ಗಂಡಸರು ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದರು. ಮೇಲಿನಿಂದ ಬಂದ ಹುಕುಂ ಬೇರೆ ಇತ್ತು: ಸ್ವಂತ ಹೆಸರು ಇಲ್ಲದಿದ್ದರೆ ಪಟ್ಟಿಯಲ್ಲಿ ಜಾಗ ಇಲ್ಲ. ಒಂದು ದಿನವಿಡೀ ತಿರುಗಿ ಅರವತ್ತು ಗಂಡಸರನ್ನೂ ನಾಲ್ಕು ಹೆಂಗಸರನ್ನೂ ಬರೆದುಕೊಂಡ. ಆ ನಾಲ್ವರಲ್ಲಿ ಒಬ್ಬಳು, ಬಾಗಿಲ ಹಿಂದಿನಿಂದ ಕೂಗಿ ಕೇಳಿಸಿದ 'ಗಂಗಿ', ಆ ಮನೆಯ ಎಮ್ಮೆ ಎಂದು ಮರುದಿನ ಗೊತ್ತಾಯಿತು.

ಊರೆಲ್ಲ ನಕ್ಕಿತು. ಚಮನಬೀ ಮಾಸ್ತರನನ್ನು ಅಂಗಡಿಗೆ ಕರೆದು ಕೂಡಿಸಿದಳು.

"ಬೇಟಾ, ಹೆಣ್ಣಮಕ್ಕಳ ಹೆಸರು ಬೇಕಂದ್ರ ಅವರ ಕೈ ಹಿಡಿಯೋರು ಬೇಕು. ನಮ್ಮ ಶೇಖಮ್ಮಗ ಕೇಳು."

ಮಾಸ್ತರ ಕೇಳಿದ. ಶೇಖಮ್ಮ ಸೆರಗನ್ನು ಕೆನ್ನೆಯವರೆಗೆ ಎಳೆದುಕೊಂಡಳು. "ನನ್ನಂಥಾಕಿನ್ನ ಕರಕೊಂಡು ತಿರಗಿದ್ರ ನಿಮಗ ಮರ್ಯಾದಿ ಏನು ಉಳೀತೈತ್ರಿ ಮಾಸ್ತರ್ರ? ಬ್ಯಾರೆ ಯಾರಿಗರ ಕೇಳ್ರಿ."

"ಎಮ್ಮಿ ಹೆಸರು ಬರಕೊಂಡವಗ ಮರ್ಯಾದಿ ಎಲ್ಲಿ ಉಳದದ ಅಕ್ಕಾ," ಅಂದ ಮರಿಲಿಂಗಪ್ಪ.

ಶೇಖಮ್ಮನಿಗೆ ನಗು ತಡೆಯಲಾಗಲಿಲ್ಲ. ಹೊರಟಳು.

ಮಾಸ್ತರ ಕಟ್ಟೆಯ ಮೇಲೆ ದಫ್ತರ ಬಿಚ್ಚಿ ಕೂಡುತ್ತಿದ್ದ. ಶೇಖಮ್ಮ ಒಳಗೆ ಹೋಗಿ ಮಲಾರ ಇಳಿಸುತ್ತಿದ್ದಳು. ನಿನ್ನ ಹೆಸರೇನು ಎಂದು ಅವಳು ಯಾರನ್ನೂ ನೇರ ಕೇಳಲಿಲ್ಲ. ಕೈ ಹಿಂಡುತ್ತ, ಬಳೆ ಏರಿಸುತ್ತ, ಮೆಲ್ಲಗೆ ಕೇಳುತ್ತಿದ್ದಳು: "ತವರಮನ್ಯಾಗ ನಿನಗ ಏನಂತ ಕರೀತಿದ್ರವ್ವ?"

ಆ ಮಾತಿಗೆ ಎಂಥ ಬಿಗಿದ ಬಾಯಿಯೂ ಸಡಿಲಾಗುತ್ತಿತ್ತು. ಅವ್ವ ಕರೆದದ್ದು, ಅಣ್ಣ ಅಡ್ಡಹೆಸರಿಟ್ಟು ಕಾಡಿದ್ದು, ಒಂದೊಂದೇ ಹೊರಗೆ ಬರುತ್ತಿದ್ದವು. ಶೇಖಮ್ಮ ಬಾಗಿಲಿಗೆ ಬಂದು ಕೂಗಿ ಹೇಳುತ್ತಿದ್ದಳು, ಮಾಸ್ತರ ಬರೆದುಕೊಳ್ಳುತ್ತಿದ್ದ. ಹತ್ತು ದಿನದಲ್ಲಿ ಮುನ್ನೂರು ಹೆಸರು ಆದವು. ಎಲ್ಲಿ ಕೂತರೂ ಅವಳು ಬೆಳಕಿಗೆ ಬೆನ್ನು ಮಾಡಿಯೇ ಕೂಡುತ್ತಿದ್ದಳು. ಯಾರಾದರೂ "ಉಂಡು ಹೋಗು" ಎಂದರೆ ಹೊಟ್ಟೆ ತುಂಬಿದೆ ಎನ್ನುತ್ತಿದ್ದಳು.

ಹತ್ತನೇ ದಿನ ಭಾಗಣ್ಣನ ಮನೆಗೆ ಹೋದರು. ಅವನ ತಾಯಿಗೆ ಎಪ್ಪತ್ತರ ಹತ್ತಿರ. ಶೇಖಮ್ಮ ಎಂದಿನಂತೆ ತವರಿನ ಹೆಸರು ಕೇಳಿದಳು. ಮುದುಕಿ ಸೆರಗು ಸರಿಮಾಡಿಕೊಂಡಳು.

"ಭಾಗಣ್ಣನ ಅವ್ವ ಅಂತಾರ. ಅದಕ್ಕೂ ಮೊದಲು ಮಾನಪ್ಪನ ಹೇಣ್ತಿ ಅಂತಿದ್ರು."

"ಅದಕ್ಕೂ ಮೊದಲಬೇ?"

ಮುದುಕಿಗೆ ನೆನಪಾಗಲಿಲ್ಲ. ಬೆರಳಿನಿಂದ ನೆಲದ ಮೇಲೆ ಏನೋ ಗೀಚುತ್ತ ಕೂತಳು. ಸೊಸೆಯಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಿಗೂ ಗೊತ್ತಿರಲಿಲ್ಲ.

"ನನ್ನ ತವರೂರು ಕೊಡೇಕಲ್," ಮುದುಕಿ ನಿಧಾನಕ್ಕೆ ಶುರು ಮಾಡಿದಳು. "ನಮ್ಮಪ್ಪ ಹೊಲದಾಗ ಹಕ್ಕಿ ಓಡಸೋ ಮಂಚಿಕಿ ಮ್ಯಾಲ ನಿಂತು ನನಗ ಬುತ್ತಿ ತಾ ಅಂತ ಕೂಗ್ತಿದ್ದ. ಕೂಗಿದ್ರ ಊರ ಅಗಸಿ ಬಾಗಲಕ್ಕ ಕೇಳ್ತಿತ್ತು. ಸುಗಲಾ... ಏ ಸುಗಲಾ..." ಥಟ್ಟನೆ ತೊಡೆ ತಟ್ಟಿಕೊಂಡಳು. "ಸುಗಲಮ್ಮ! ಯವ್ವಾ, ನಾ ಸುಗಲಮ್ಮ ಅದೀನಿ!"

ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯುವಂತಿರಲಿಲ್ಲ. ಇಬ್ಬರು ಸೊಸೆಯರಿಂದಲೂ ಒಂದೊಂದು ಸಲ ಹೆಸರು ಹಿಡಿದು ಕರೆಸಿಕೊಂಡಳು. ಹೊಲದಿಂದ ಬಂದ ಮಗ ಭಾಗಣ್ಣನಿಗೆ, "ಏನಲೇ, ನಿಮ್ಮವ್ವನ ಹೆಸರು ಏನು ಹೇಳು?" ಎಂದು ಗಂಟುಬಿದ್ದಳು. ಐವತ್ತರ ಭಾಗಣ್ಣ ಕೊಡಲಿ ಹೆಗಲ ಮೇಲೆ ಹೊತ್ತು ತಬ್ಬಿಬ್ಬಾಗಿ ನಿಂತ. ಓಣಿಯ ಮಂದಿಯೆಲ್ಲ ಕೂಡಿ ನಕ್ಕದ್ದೇ ನಕ್ಕದ್ದು. ಎಲ್ಲರಿಗೂ ಬೆಲ್ಲ ಹಂಚಿದರು.

ಸಂಜೆ ತಿರುಗಿ ಬರುವಾಗ ಮಾಸ್ತರ ಹಿಗ್ಗಿನಲ್ಲಿದ್ದ. "ಅಕ್ಕಾ, ನಿಮ್ಮ ಹೆಸರೊಂದು ಉಳದದ ನೋಡ್ರಿ. ಬರಕೊಳ್ಳೇನು?"

"ನಂದ್ಯಾಕ್ರಿ? ನನ್ನಂಥ ಕುರೂಪಿ ಓಟು ಹಾಕಿದ್ರ ರಾಜ್ಯಕ್ಕ ಸೂತಕ."

ಮರಿಲಿಂಗಪ್ಪ ನಿಂತುಬಿಟ್ಟ. "ಒಂದು ಮಾತು ಹೇಳ್ತೀನಿ, ಸಿಟ್ಟಿಗೇಳಬ್ಯಾಡ್ರಿ. ಹತ್ತು ದಿನದಿಂದ ನಿಮ್ಮ ಜೋಡಿ ತಿರಗಾಕತ್ತೀನಿ. ನೂರಾರು ಮನಿ ಹೊಕ್ಕು ಬಂದ್ವಿ. ನಿಮ್ಮ ಮಾರಿ ಸುದ್ದಿ ಒಬ್ಬರ ಬಾಯಾಗೂ ಕೇಳಲಿಲ್ಲ, ನಿಮ್ಮ ಬಾಯಾಗ ಬಿಟ್ಟು."

ಶೇಖಮ್ಮನಿಗೆ ಕೆನ್ನೆಗೆ ಹೊಡೆದಂತಾಯಿತು. "ಸಣ್ಣ ಹುಡುಗ ಅದೀರಿ, ನಿಮಗೇನು ತಿಳೀತದ" ಎಂದು ಮಲಾರ ಸರಿಮಾಡಿಕೊಂಡು ಸರಸರ ನಡೆದುಹೋದಳು. ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಉಳಿದ ಒಂದೆರಡು ಓಣಿಯನ್ನು ಮಾಸ್ತರ ಒಬ್ಬನೇ ಹೇಗೋ ಮುಗಿಸಿ ಪಟ್ಟಿ ಕಚೇರಿಗೆ ಕೊಟ್ಟ.

ನಾಲ್ಕನೇ ದಿನ ಶೇಖಮ್ಮ ಚಮನಬೀಯ ಅಂಗಡಿಗೆ ಹೋಗಿ ಕೂತು ಮಾಸ್ತರನ ಮೇಲೆ ದೂರು ಹೇಳಿದಳು. ಮುದುಕಿ ಗಾಜಿನ ಬಳೆಗಳನ್ನು ದಾರಕ್ಕೆ ಪೋಣಿಸುತ್ತ ಕೇಳಿದಳು, ನಡುವೆ ಬಾಯಿ ಹಾಕಲಿಲ್ಲ. ಎಲ್ಲ ಮುಗಿದ ಮೇಲೆ ಅಂದಳು:

"ಹುಡುಗ ಖರೇನ ಅಂದಾನ. ನೀ ಮಾರಿ ಮಾರಿ ಅಂತಿ. ನನಗ ಆ ಗದ್ದಲದ ದಿನ ನೆನಪಾಗ್ತದ. ಬಾಗಲಾ ಹಾಕ್ಕೊಂಡು ಕತ್ತಲ್ದಾಗ ಕುಂತಿದ್ನೆಲ್ಲ ಬೇಟಿ, ಹೊರಗ ಹೆಜ್ಜಿ ಸಪ್ಪಳಾದ್ರ ಎದಿ ಝಲ್ ಅಂತಿತ್ತು. ಹಿತ್ತಲ ಬಾಗಲ ಸಂದ್ಯಾಗ ನಿನ್ನ ಮಾರಿ ಕಂಡ ಮ್ಯಾಲೇನ ಜೀವ ಕೆಳಗ ಇಳೀತಿತ್ತು. ಹಸಿವಿ ಅನ್ನೋದು ಆಗ ಗೊತ್ತಾಗ್ತಿತ್ತು. ಎರಡು ತಿಂಗಳು ನಿನ್ನ ಮಾರಿ ನೋಡೇ ನಾ ತುತ್ತು ಇಳಿಸೀನಿ."

ಶೇಖಮ್ಮನ ಕೈಯಲ್ಲಿದ್ದ ಬಳೆ ಜಾರಿ ಬಿತ್ತು. ಶಹಾಪುರದ ಆ ಹೆಂಗಸು ಅಂದ ಮಾತು ಚಮನಬೀಗೆ ಗೊತ್ತಿರಲು ಸಾಧ್ಯವೇ ಇರಲಿಲ್ಲ. ಇಪ್ಪತ್ತೆರಡು ವರ್ಷ ಅದನ್ನು ಯಾರಿಗೂ ಹೇಳಿರಲಿಲ್ಲ. ಈಗ ಹೇಳಿದಳು. ಅಳುತ್ತ ಹೇಳಿದಳು, ಮೂಗು ಒರೆಸಿಕೊಳ್ಳುತ್ತ ಹೇಳಿದಳು.

"ಎಷ್ಟು ಸಲ ಅಂದ್ಲು ಆಕಿ?" ಚಮನಬೀ ಕೇಳಿದಳು.

"ಒಂದ ಸಲ."

"ಆಮ್ಯಾಲ?"

"ಆಮ್ಯಾಲ... ತನ್ನ ಊರಿಗಿ ಹೋದ್ಲು."

ಅದು ಬಾಯಿಂದ ಬಂದಾಗಲೇ ಶೇಖಮ್ಮನಿಗೆ ಹೊಳೆಯಿತು. ಆ ಹೆಂಗಸು ಉಪ್ಪಿಟ್ಟು ತಿಂದು, ಕೈ ತೊಳೆದು, ಬಂಡಿ ಹತ್ತಿ ಹೋಗಿದ್ದಳು. ಬಹುಶಃ ದಾರಿಯಲ್ಲೇ ಮರೆತಿದ್ದಳು. ಆಮೇಲೆ ದಿನಕ್ಕೆ ಹತ್ತು ಸಲ, ಓಣಿ ಓಣಿಯಲ್ಲಿ ನಿಂತು, ಆ ಮಾತನ್ನು ಕೂಗಿ ಸಾರಿದವಳು ತಾನೇ. ಮಂದಿಯ ಕಣ್ಣಿನಲ್ಲಿ ತನ್ನ ಮುಖ ಹೇಗಿದೆಯೆಂದು ಒಮ್ಮೆಯೂ ತಲೆ ಎತ್ತಿ ನೋಡಿರಲಿಲ್ಲ. ಹೆದರಿಕೆಗೆ ಅವರ ಪರವಾಗಿ ತಾನೇ ಉತ್ತರ ಹೇಳಿಕೊಂಡು ಬಂದಿದ್ದಳು.

ಚಮನಬೀ ಎದ್ದು ಒಳಗಿನಿಂದ ರೊಟ್ಟಿ, ಶೇಂಗಾಚಟ್ನಿ ತಂದು ನಡುವೆ ಇಟ್ಟಳು. "ನನ್ನ ಕಡೆ ಮಾರಿ ಮಾಡಿ ಉಣ್ಣು."

ಮೊದಲ ತುತ್ತು ಗಂಟಲಲ್ಲಿ ಸಿಕ್ಕಿತು. ಎರಡನೆಯದು ಇಳಿಯಿತು. ನಾಲ್ಕನೇ ರೊಟ್ಟಿಗೆ ಚಮನಬೀಯೇ, "ನನಗೊಂದು ಉಳಸವ್ವ" ಅನ್ನಬೇಕಾಯಿತು.

ಒಂದು ಊಟಕ್ಕೆ ಎಲ್ಲ ಸರಿಹೋಗಲಿಲ್ಲ. ಹಳೆಯ ಕೂಗು ಬಾಯಿಗೆ ಬಂದೇ ಬರುತ್ತಿತ್ತು. ಬಂದಾಗ ಶೇಖಮ್ಮ ನಾಲಗೆ ಕಚ್ಚಿಕೊಂಡು, "ಬಳೀ... ಹೈದರಾಬಾದ್ ಬಳೀ..." ಎಂದು ಮಾತು ತಿರುಗಿಸುತ್ತಿದ್ದಳು. ಮೊದಮೊದಲು ಅರ್ಧ ಹಳೆಯದು ಅರ್ಧ ಹೊಸದು ಕೂಡಿ ಏನೇನೋ ಆಗಿ ಹುಡುಗಿಯರು ನಗುತ್ತಿದ್ದರು. ಅವಳೂ ನಕ್ಕಳು.

ಕೆಲವು ತಿಂಗಳ ಮೇಲೆ ಮತದಾರರ ಪಟ್ಟಿಯನ್ನು ಚಾವಡಿಯಲ್ಲಿ ಹಚ್ಚಿದರು. ಮಾಸ್ತರ ಓದಿ ಹೇಳುತ್ತಿದ್ದ, ಹೆಂಗಸರು ಗುಂಪಾಗಿ ನಿಂತು ಕೇಳುತ್ತಿದ್ದರು. ತಮ್ಮ ಹೆಸರು ಬಂದಾಗ ಒಬ್ಬೊಬ್ಬರ ಮುಖವೂ ಅರಳುತ್ತಿತ್ತು. ಸುಗಲಮ್ಮನಂತೂ ಮೂರು ಸಲ ಓದಿಸಿದಳು. ಶೇಖಮ್ಮ ಕೊನೆಯವರೆಗೆ ನಿಂತಳು. ಅವಳ ಹೆಸರು ಬರಲಿಲ್ಲ. ಬರೆಸಬೇಡವೆಂದವಳು ತಾನೇ, ಗೊತ್ತಿತ್ತು. ಆದರೂ ಎದೆಯಲ್ಲಿ ಏನೋ ಚುಚ್ಚಿತು. ಆ ಚುಚ್ಚಿದ್ದೇ ಅವಳಿಗೆ ಹೊಸದು.

"ಬಿಟ್ಟ ಹೆಸರು ಸೇರಸಾಕ ಇನ್ನೂ ವಾಯಿದಾ ಅದ ಅಕ್ಕಾ," ಅಂದ ಮರಿಲಿಂಗಪ್ಪ. "ಆದ್ರ ನಾ ಬರೀಲಾಕ ಬರೂದಿಲ್ಲ. ಸುರಪುರದ ಕಚೇರಿಗಿ ನೀವ ಹೋಗಿ ಸಾಹೇಬರ ಮುಂದ ನಿಂತು ಹೇಳಬೇಕು."

ಮೊದಲ ದಿನ ಕಚೇರಿಯ ಮುಂದಿನ ಬೇವಿನ ಮರದವರೆಗೆ ಹೋಗಿ ತಿರುಗಿ ಬಂದಳು. ಎರಡನೇ ದಿನ ಮೆಟ್ಟಿಲವರೆಗೆ ಹೋದಳು. ಒಳಗಿಂದ ಬಂದ ಚಪರಾಸಿ "ಏನು?" ಅಂದ. "ಏನಿಲ್ಲರಿ, ಬಳಿ ಬೇಕೇನು ಅಂತ ಕೇಳಾಕ ಬಂದಿದ್ದೆ" ಎಂದು ಓಡಿ ಬಂದಳು. ರಾತ್ರಿ ತನ್ನ ಮೇಲೆ ತನಗೇ ಸಿಟ್ಟು ಬಂತು, ನಗುವೂ ಬಂತು. ಕಚೇರಿಯಲ್ಲಿ ಬಳೆ ಇಟ್ಟುಕೊಳ್ಳುವವರು ಯಾರು?

ಮೂರನೇ ದಿನ ಒಳಗೆ ಹೋದಳು. ತನ್ನ ಹಿಂದೆಯೇ ಸುಗಲಮ್ಮ ಓಣಿಯ ಹೆಂಗಸರನ್ನು ಕಟ್ಟಿಕೊಂಡು ಹೊರಟದ್ದು ಅವಳಿಗೆ ತಿಳಿದಿರಲಿಲ್ಲ.

ಸಾಹೇಬ ಹೊರ ಪ್ರಾಂತದಿಂದ ಹೊಸದಾಗಿ ಬಂದವನು. ಕಾಗದದಿಂದ ತಲೆ ಎತ್ತದೆ ಕೇಳಿದ, "ಹೆಸರು?"

"ಶೇಖಮ್ಮ."

ಅಷ್ಟು ದೊಡ್ಡ ಕೋಣೆಯಲ್ಲಿ ತನ್ನ ಹೆಸರು ತನ್ನದೇ ದನಿಯಲ್ಲಿ ಕೇಳಿ ಅವಳಿಗೆ ಒಂದು ಥರ ಆಯಿತು.

"ಗಂಡನ ಹೆಸರು?"

"ಗಂಡ ಇಲ್ರಿ. ಮದುವಿ ಆಗಿಲ್ಲ. ಅಪ್ಪನ ಹೆಸರು ತಿಮ್ಮಣ್ಣ."

"ಉದ್ಯೋಗ?"

"ಬಳಿ ಇಡ್ತೀನ್ರಿ."

"ನೀನೇ ಶೇಖಮ್ಮ ಅನ್ನೋದಕ್ಕೆ ಗುರುತು ಏನು? ನಾಳೆ ಯಾರೋ ಬಂದು ನಾನೇ ಶೇಖಮ್ಮ ಅಂದರೆ ನಾನೇನು ಮಾಡಲಿ?"

 ಹಳೆಯ ಮಾತು ಶೇಖಮ್ಮನ ಎದೆಯಿಂದ ಎದ್ದು ನಾಲಗೆಯವರೆಗೆ ಬಂತು. ಅದು ಬರುವುದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು. ಸೆರಗನ್ನು ಕೆನ್ನೆಯಿಂದ ಸರಿಸಿ, ಕಿಟಕಿಯ ಬೆಳಕಿಗೆ ಎದುರಾಗಿ ನಿಂತಳು.

"ನನ್ನ ಮಾರಿ ನೋಡ್ರಿ ಸಾಹೇಬ್ರ. ಸುರಪುರ, ರಂಗಂಪೇಟಿ ಎರಡೂ ಹುಡುಕಿದ್ರೂ ಇಂಥಾದ್ದು ಇನ್ನೊಂದು ಸಿಗೂದಿಲ್ಲ. ದೇವರು ನನಗ ಅಂತಾನ ರುಜು ಹಾಕಿ ಕಳಿಸ್ಯಾನ."

ಸಾಹೇಬ ತಲೆ ಎತ್ತಿದ.  ಅಷ್ಟರಲ್ಲಿ ಬಾಗಿಲಲ್ಲಿ ಗದ್ದಲ. ಚಪರಾಸಿಯನ್ನು ಪಕ್ಕಕ್ಕೆ ಸರಿಸಿ ಸುಗಲಮ್ಮ ಒಳಗೆ ಬಂದಿದ್ದಳು, ಅವಳ ಹಿಂದೆ ಇಪ್ಪತ್ತು ಇಪ್ಪತ್ತೈದು ಹೆಂಗಸರು.

"ಗುರ್ತು ಬೇಕೇನ್ರೀ? ತಗೋರಿ!" ಎಂದು ಮುದುಕಿ ತನ್ನ ಸೊಸೆಯ ಕೈ ಎತ್ತಿ ಹಿಡಿದಳು. "ಈ ಬಳಿ ಇಟ್ಟಾಕಿ ಈಕಿನ. ಎತ್ತರೇ ಎಲ್ಲಾರೂ!"

ಒಮ್ಮೆಗೇ ಎಲ್ಲ ಕೈ ಮೇಲೆದ್ದವು. ಹಸಿರು, ಕೆಂಪು, ಚುಕ್ಕಿ ಬಳೆಗಳ ಸದ್ದಿಗೆ ಆಚೆ ಕೋಣೆಯ ಗುಮಾಸ್ತರೆಲ್ಲ ಎದ್ದು ಬಂದರು. ಸಾಹೇಬನಿಗೆ ನಗು ಬಂತು. ಸಣ್ಣಗೆ ಶುರುವಾದದ್ದು ಕೊನೆಗೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವವರೆಗೆ ಹೋಯಿತು. "ಇಷ್ಟು ಸಾಕ್ಷಿ ನನಗೂ ಸಿಗಲಿಕ್ಕಿಲ್ಲಮ್ಮ," ಎಂದು ಸಹಿ ಹಾಕಿದ. ಓಟಿನ ದಿನ ಹೆಂಗಸರ ಸಾಲಿನ ಹತ್ತಿರ ಇದ್ದು ಗುರುತು ಹೇಳುವ ಕೆಲಸಕ್ಕೆ ಬರುತ್ತೀಯಾ ಎಂದು ಅವನೇ ಕೇಳಿದ.

"ಬರ್ತೀನ್ರಿ," ಅಂದಳು ಶೇಖಮ್ಮ. ನನ್ನಂಥಾಕಿ ಎಂಬ ಮಾತು ಅದಕ್ಕೆ ಸೇರಿಸಲಿಲ್ಲ. ಮರೆತೇಹೋಗಿತ್ತು.

ಓಟಿನ ದಿನ ಹೆಂಗಸರೆಲ್ಲ ತಲೆಗೆ ಎಣ್ಣೆ ಹಚ್ಚಿ, ಪೆಟ್ಟಿಗೆಯಲ್ಲಿಟ್ಟ ಇಳಕಲ್ ಸೀರೆ ಉಟ್ಟು ಬಂದರು. ಶಾಯಿ ಹಚ್ಚಿದ ಬೆರಳನ್ನು ಒಬ್ಬರಿಗೊಬ್ಬರು ತೋರಿಸಿಕೊಂಡರು. ಶೇಖಮ್ಮ ಮೊದಲು ತನ್ನ ಓಟು ಹಾಕಿ ಬಂದು, ದಿನವಿಡೀ ಸಾಲಿನ ತಲೆಯಲ್ಲಿ ನಿಂತು ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದಳು. ಮಧ್ಯಾಹ್ನ ಬೇವಿನ ಮರದ ಕೆಳಗೆ ಬುತ್ತಿಗಂಟು ಬಿಚ್ಚಿದಾಗ ಅವಳು ಎಲ್ಲರ ನಡುವೆ ಕೂತಿದ್ದಳು. ಜೋರಾಗಿ ಹರಟುತ್ತ ಸುಗಲಮ್ಮನ ಪಾಲಿನ ಹೋಳಿಗೆಗೂ ಕೈ ಹಾಕಿದಳು.

ಅದಾದ ಮೇಲೆ ಶೇಖಮ್ಮನಿಗೆ ಊರ ಕೆಲಸದ ರುಚಿ ಹತ್ತಿತು. ಐವತ್ತಾರರಲ್ಲಿ ಹೈದರಾಬಾದಿನ ನಂಟು ಬಿಟ್ಟು ಈ ಸೀಮೆಯೆಲ್ಲ ಮೈಸೂರು ರಾಜ್ಯಕ್ಕೆ ಸೇರಿದಾಗ ಮರಿಲಿಂಗಪ್ಪ ರಂಗಂಪೇಟೆಯ ಸಾಲಿಗೆ ಹೆಡ್‌ಮಾಸ್ತರನಾಗಿದ್ದ. ಸಾಲಿಯಲ್ಲಿ ಹುಡುಗಿಯರು ಮೂರೇ ಮೂರು. ಶೇಖಮ್ಮ ಮಲಾರ ಹೊತ್ತು ಹೋದ ಮನೆಯಲ್ಲೆಲ್ಲ, "ನಿನ್ನ ಮಗಳಿಗಿ ಹೆಸರು ಬರಿಯಾಕ ಬರ್ತದೇನು?" ಎಂದು ಕೇಳಿ ಕೇಳಿ, ಒಂದೇ ವರ್ಷದಲ್ಲಿ ಇಪ್ಪತ್ತಾರು ಹುಡುಗಿಯರನ್ನು ಸಾಲಿಗೆ ತಂದಳು.

ಸಾಲಿ ತಪಾಸಣೆಗೆ ಬಂದ ಇನ್ಸ್‌ಪೆಕ್ಟರು ಹಾಜರಿ ನೋಡಿ ಬೆರಗಾದರು. "ಇಷ್ಟು ಹುಡುಗಿಯರನ್ನ ಯಾರು ಕರೆತಂದರು?"

"ನಾನ್ರಿ," ಅಂದಳು ಅಲ್ಲೇ ಬಾಗಿಲ ಹತ್ತಿರ ಕೂತಿದ್ದ ಶೇಖಮ್ಮ, ಎದ್ದು ನಿಂತು. "ಇನ್ನೂ ಹತ್ತು ಮಂದಿ ತರ್ತೀನಿ. ಆದ್ರ ಈ ಮಾಳಗಿ ಸೋರ್ತದ, ಹುಡಗ್ಯಾರು ಒಂದ ಮೂಲ್ಯಾಗ ಮುದ್ದಿ ಆಗಿ ಕೂಡ್ತಾವ. ಅದನ್ನ ಮೊದಲು ನೋಡ ಬರ್ರಿ."

ಅವರ ಉತ್ತರಕ್ಕೂ ಕಾಯದೆ ಹಿಂದಿನ ಕೋಣೆಯ ಕಡೆ ನಡೆದಳು. ಇನ್ಸ್‌ಪೆಕ್ಟರು ಹೆಡ್‌ಮಾಸ್ತರನ ಮುಖ ನೋಡಿದರು. ಮರಿಲಿಂಗಪ್ಪ ನಗು ಅದುಮಿಕೊಂಡು, "ಹೋಗೂಣ್ರಿ ಸಾಹೇಬ್ರ, ತಪ್ಪಿಸಿಕೊಳ್ಳಾಕ ಆಗೂದಿಲ್ಲ" ಅಂದ. ಇಬ್ಬರೂ ಅವಳ ಹಿಂದೆ ಹೊರಟರು.